ಉಪ್ಪುನೀರಿಗೆ ಹೋದ ಗಣಿತದ ಸರ್

ಗಣಿತದ ಸರ್ ತೀರಿಕೊಂಡ ಮೇಲೆ ನಮ್ಮ ಶಾಲೆಯಲ್ಲಿ ನಡೆದ ಶೋಕಸಭೆಯಲ್ಲಿ ಏಳು ಜನ ಮಾತಾಡಿದರು. ಏಳೂ ಜನ ಒಂದೇ ಮಾತನ್ನು ಬೇರೆ ಬೇರೆ ರೀತಿ ಹೇಳಿದರು: ಇಂಥ ತಮ್ಮ ಯಾರಿಗೂ ಸಿಗುವುದಿಲ್ಲ, ಅಣ್ಣನ ಸೇವೆಯಲ್ಲೇ ಜೀವ ಸವೆಸಿದರು. ಎಂಟನೆಯವನಾಗಿ ನನ್ನ ಹೆಸರು ಕೂಗಿದಾಗ ಹೋಗಿ ಮೈಕಿನ ಮುಂದೆ ನಿಂತೆ. ಇಪ್ಪತ್ತೆರಡು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಅವರ ಎದುರು ಕೂತವನು ನಾನು. "ಬಹಳ ಛಲೋ ಮನುಷ್ಯ ಇದ್ರು" ಎಂದೆ. ಅಷ್ಟಕ್ಕೇ ಮೈಕು ಬಿಟ್ಟು ಹಿಂದೆ ಸರಿದೆ. ದುಃಖ ತಾಳಲಾರದೆ ನಿಲ್ಲಿಸಿದೆನೆಂದುಕೊಂಡು ಹೆಡ್‌ಮಾಸ್ತರರು ನನ್ನ ಬೆನ್ನು ಸವರಿ ಕೂರಿಸಿದರು. ದುಃಖವೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅವರ ಬಗ್ಗೆ ನನಗೆ ಗೊತ್ತಿದ್ದ ಮುಖ್ಯ ಸಂಗತಿ ಆ ಸಭೆಯಲ್ಲಿ ಹೇಳುವಂಥದ್ದಾಗಿರಲಿಲ್ಲ.

ಅವರು ಮುಧೋಳದ ನಮ್ಮ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಮನೆ ಬನಹಟ್ಟಿ. ದಿನಾ ಮಹಾಲಿಂಗಪುರದ ಮೇಲಿಂದ ಬಸ್ಸಿನಲ್ಲಿ ಬರುತ್ತಿದ್ದರು, ಹೋಗುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಕುರ್ಚಿಯ ಅಂಚಿಗೆ ಕೂರುವುದು ಅವರ ಪದ್ಧತಿ. ಚೀಲ ತೊಡೆಯ ಮೇಲೆ. ರೊಟ್ಟಿ ಡಬ್ಬಿ ತೆರೆದು ಮುಚ್ಚುವುದರೊಳಗೆ ಊಟ ಮುಗಿದಿರುತ್ತಿತ್ತು. ಬೋರ್ಡಿನ ಮೇಲೆ ಮಾತ್ರ ಅವಸರವಿರಲಿಲ್ಲ. ಕೈವಾರ ಮುಟ್ಟದೆ, ಭುಜ ಒಮ್ಮೆ ತಿರುಗಿಸಿ ಎಳೆದರೆಂದರೆ ವೃತ್ತದ ಎರಡು ತುದಿ ಕೂದಲೆಳೆಯಷ್ಟೂ ತಪ್ಪದೆ ಕೂಡುತ್ತಿದ್ದವು. ಲೆಕ್ಕ ಬರದೆ ಅಳುಮೋರೆ ಹಾಕಿದ ಹುಡುಗಿಯರಿಗೆ ಅವರು ಹೇಳುವ ಒಂದು ಮಾತು ಶಾಲೆಗೆಲ್ಲ ಬಾಯಿಪಾಠವಾಗಿತ್ತು: "ಹೆದರಬ್ಯಾಡ. ಎಕ್ಸ್ ಎಲ್ಲಿ ಓಡಿಹೋಗ್ತೈತಿ? ಬ್ರಾಕೆಟ್‌ನ್ಯಾಗ ಸಿಕ್ಕೊಂಡೈತಿ ಪಾಪ."

ಹನ್ನೊಂದು, ಒಂದು, ಮೂರು. ಈ ಮೂರು ಹೊತ್ತಿಗೆ ಅವರಿಗೆ ಮನೆಯಿಂದ ಫೋನು ಬರುತ್ತಿತ್ತು. ನಾನು ಶಾಲೆಗೆ ಸೇರಿದ ಹೊಸದರಲ್ಲಿ ಹೆಡ್‌ಮಾಸ್ತರರ ಕೋಣೆಯ ಫೋನು, ಆಮೇಲೆ ಅವರ ಕಿಸೆಯ ಮೊಬೈಲು. ಸೀಮೆಸುಣ್ಣದ ಕೈಯಲ್ಲೇ ಎತ್ತಿ, "ಹಾಂ ಅಣ್ಣಾ. ಇಲ್ಲೇ ಅದೀನಿ" ಎನ್ನುತ್ತಿದ್ದರು. ಆ ಕಡೆಯಿಂದ ಉತ್ತರವೆಂದರೆ ಒಂದು ಹೂಂಕಾರ, ಇಲ್ಲವೇ ಒಂದು ಬೈಗುಳ.

ಅಣ್ಣನ ಕತೆ ಹೇಳಬೇಕು. ನಾವು ಶಾಲೆಯವರು ಅವರನ್ನು ಅಣ್ಣಾರು ಎಂದೇ ಕರೆಯುತ್ತಿದ್ದೆವು. ಸರ್‌ಗಿಂತ ಹನ್ನೆರಡು ವರ್ಷ ದೊಡ್ಡವರು. ತಂದೆತಾಯಿ ಬೇಗ ತೀರಿಕೊಂಡ ಮೇಲೆ ಕೈಮಗ್ಗದ ಮೇಲೆ ಸೀರೆ ನೇಯ್ದು ತಮ್ಮನನ್ನು ಓದಿಸಿದರು, ತಂಗಿಯನ್ನು ಮಹಾಲಿಂಗಪುರಕ್ಕೆ ಮದುವೆ ಮಾಡಿ ಕೊಟ್ಟರು, ತಾವು ಮದುವೆಯ ಮಾತೆತ್ತಲಿಲ್ಲ. ತಮ್ಮನಿಗೆ ನೌಕರಿಯಾಗಿ, ಜಮಖಂಡಿಯ ಹುಡುಗಿಯೊಬ್ಬಳ ಜೊತೆ ನಿಶ್ಚಯವೂ ಆದ ವರ್ಷ, ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತಿದ್ದಾಗಲೇ ಅಣ್ಣಾರಿಗೆ ಲಕ್ವಾ ಹೊಡೆಯಿತು. ಬಲಗಡೆ ಪೂರಾ ಹೋಯಿತು. ಮಾತೂ ಹೋಯಿತು. 'ತಮ್ಮಾ', 'ಇಲ್ಲಿ', 'ಬ್ಯಾಡ', ಇಷ್ಟು ಉಳಿದವು. ಬೈಗುಳಗಳು ಮಾತ್ರ ಯಾಕೋ ಒಂದೂ ಕಳೆಯದೆ ಉಳಿದವು. ಹುಡುಗಿಯ ಮನೆಯವರು ಬಂದು, ಮದುವೆಯಾದ ಮೇಲೆ ಅಣ್ಣನಿಗೆ ಬೇರೆ ವ್ಯವಸ್ಥೆ ಮಾಡಿರೆಂದು ಕೇಳಿದರಂತೆ. "ಅವರು ಕೇಳಿದ್ದು ತಪ್ಪಲ್ಲ ಬಿಡ್ರಿ" ಎಂದು ಸರ್ ನನಗೊಮ್ಮೆ ಹೇಳಿದ್ದರು. "ನಾ ಬ್ಯಾಡ ಅಂದೆ. ಅಷ್ಟ." ಆ ವಿಷಯದ ಬಗ್ಗೆ ಅವರ ಬಾಯಿಂದ ನಾನು ಕೇಳಿದ್ದು ಅಷ್ಟೇ.

ಹಗಲು ನೆರೆಮನೆಯ ಮುದುಕಿ ಬಂದು ಅಣ್ಣಾರಿಗೆ ಉಣ್ಣಿಸಿ, ಹೊತ್ತುಹೊತ್ತಿಗೆ ತಮ್ಮನಿಗೆ ಫೋನು ಹಚ್ಚಿಕೊಟ್ಟು ಹೋಗುತ್ತಿದ್ದಳು. ಉಳಿದದ್ದೆಲ್ಲ ಸರ್ ಕೆಲಸ. ಮೈ ತೊಳೆಸುವುದು, ಮಗ್ಗುಲು ಬದಲಿಸುವುದು, ದಾಡಿ ಮಾಡುವುದು. ವರ್ಷಕ್ಕೊಮ್ಮೆ ಮಕ್ಕಳ ಪ್ರವಾಸಕ್ಕೆ ಬೆಳಗಿನ ಜಾವ ಬಸ್ಸು ಹೊರಡುವಾಗ ಸರ್ ಬನಹಟ್ಟಿಯಿಂದ ಮೊದಲ ಬಸ್ಸು ಹಿಡಿದು ಬಂದಿರುತ್ತಿದ್ದರು. ಟೈರು ಒದ್ದು ನೋಡುತ್ತಿದ್ದರು, ಎಲ್ಲೆಲ್ಲಿ ಏನೇನು ನೋಡಬೇಕೆಂದು ಮಕ್ಕಳಿಗೆ ಹೇಳುತ್ತಿದ್ದರು. ಅವರು ಹೇಳುತ್ತಿದ್ದ ಊರು ಒಂದನ್ನೂ ಅವರು ಕಂಡಿರಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಗೇಟಿನಲ್ಲಿ ನಿಂತಿದ್ದು ಆಮೇಲೆ ಖಾಲಿ ಶಾಲೆಯೊಳಗೆ ಹೋಗುತ್ತಿದ್ದರು.

ಒಮ್ಮೆ ಮಾತ್ರ ಅವರು ಫೋನು ಬಂದ್ ಮಾಡಿದ್ದರು. ಹತ್ತನೆಯ ಈಯತ್ತೆಯ ತಪಾಸಣೆ ಇತ್ತು, ಮೇಲಿನವರು ತರಗತಿಯೊಳಗೇ ಕೂತಿದ್ದರು. ನಾಲ್ಕಕ್ಕೆ ಫೋನು ಹಚ್ಚಿ ನೋಡಿದರೆ ನೆರೆಮನೆಯವರದು ಹದಿನಾಲ್ಕು ಕರೆ. ಹನ್ನೊಂದಕ್ಕೂ ಒಂದಕ್ಕೂ ತಮ್ಮ ಸಿಗಲಿಲ್ಲವೆಂದು ಅಣ್ಣಾರು ಮಂಚದಿಂದ ಉರುಳಿ, ಎಡಗೈ ನೆಲಕ್ಕೂರಿ ಮೈ ಎಳೆದುಕೊಳ್ಳುತ್ತ ಹೊಸ್ತಿಲ ತನಕ ಬಂದು ಬಿದ್ದಿದ್ದರು. ಮೊಣಕೈ ಸುಲಿದಿತ್ತು. ಮರುದಿನ ಸರ್ ನನಗೆ ಇದನ್ನು ಹೇಳುವಾಗ ಅವರ ದನಿಯಲ್ಲಿ ಮರುಕವಿತ್ತು, ಅದರ ಕೆಳಗೆ ಸಿಟ್ಟೂ ಇತ್ತು. "ನಾ ಸತ್ತಿಲ್ಲ ಅಂತ ದಿನಕ್ಕ ಮೂರು ಸಲ ಹೇಳಬೇಕ್ರಿ ಸರ ಅವಗ" ಎಂದರು. ಚೀಲವನ್ನು ತೊಡೆಯ ಮೇಲೆ ಸರಿಪಡಿಸಿಕೊಂಡು, "ನನಗೂ ಯಾರರ ಹೇಳಿದ್ರ ಛಲೋ ಇತ್ತು" ಎಂದರು.

ಮೀನಿನ ವಿಚಾರ ಶುರುವಾದದ್ದು ಅಣ್ಣಾರಿಂದ. ಅವರದು ಮೀನು ಮಾಂಸ ಮುಟ್ಟದ ಮನೆ. ಆದರೆ ಅಣ್ಣಾರಿಗೆ ಹರೆಯದಲ್ಲಿ ಗಾಳದ ಹುಚ್ಚು. ಮಗ್ಗಕ್ಕೆ ರಜೆಯಿದ್ದ ದಿನ ತಮ್ಮನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕೃಷ್ಣಾ ಹೊಳೆಗೆ ಹೋಗುವುದು, ಹಿಟ್ಟಿನ ಉಂಡೆ ಚುಚ್ಚಿ ಗಾಳ ಹಾಕುವುದು, ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವುದು. ತಾವು ಹೊಳೆಗೆ ಹಾರಿ ಆ ದಂಡೆ ಮುಟ್ಟಿ ಬರುತ್ತಿದ್ದರಂತೆ. ತಮ್ಮನಿಗೆ ಮಾತ್ರ, "ನೀ ದಂಡಿ ಮ್ಯಾಲ ಕೂಡು. ನೀರಿಗೆ ಬರಬ್ಯಾಡ." ಹೀಗಾಗಿ ಹೊಳೆಯ ಮಗ್ಗುಲಲ್ಲೇ ಬೆಳೆದ ಸರ್‌ಗೆ ಈಜು ಬರುತ್ತಿರಲಿಲ್ಲ.

ಐದು ವರ್ಷದ ಕೆಳಗೆ ಸರ್ ಅಣ್ಣನಿಗೆ ಒಂದು ದೊಡ್ಡ ಪರದೆಯ ಮೊಬೈಲು ಕೊಡಿಸಿದರು. ಎಡಗೈ ಹೆಬ್ಬೆರಳಿನಿಂದ ಸರಿಸುತ್ತ ಸರಿಸುತ್ತ ಅಣ್ಣಾರು ಹೇಗೋ ಸಮುದ್ರದ ಗಾಳದ ವಿಡಿಯೋಗಳಿಗೆ ಹೋಗಿ ಮುಟ್ಟಿದರು. ನಾನೊಂದು ರವಿವಾರ ಅವರ ಮನೆಗೆ ಹೋದಾಗ ನೋಡಿದೆ: ಓಣಿಯಲ್ಲಿ ಪವರ್‌ಲೂಮ್‌ಗಳ ಖಟಖಟ, ಒಳಗೆ ಕಿಟಕಿಯಿಲ್ಲದ ಕೋಣೆ, ಮಂಚದ ಮೇಲೆ ಬೆಳಕು ಬಿದ್ದ ಒಂದು ಮುಖ. ಪರದೆಯಲ್ಲಿ ಯಾರೋ ಸಣ್ಣ ಬೋಟಿನಲ್ಲಿ ನಿಂತು ಬಾಗಿದ ಕೋಲು ಎಳೆಯುತ್ತಿದ್ದರು. ಅಣ್ಣಾರು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು, "ಇಲ್ಲಿ" ಎಂದರು. ತಮ್ಮನ ಕಡೆ ತಿರುಗಿ ಇನ್ನೊಮ್ಮೆ, "ತಮ್ಮಾ. ಇಲ್ಲಿ." ಆಮೇಲೆ ಒಂದು ಬೈಗುಳ.

"ಒಂದು ವರ್ಷದಿಂದ ಇದ ನಡದೈತ್ರಿ" ಎಂದರು ಸರ್.

ಮುಂದಿನ ದಸರಾ ಸೂಟಿಯಲ್ಲಿ ಹೋಗುವುದು ಎಂದಾಯಿತು. ಕಾರವಾರದ ಕಡೆ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಗಾಳ ಹಾಕಲು ಬೋಟಿನವರು ಜನರನ್ನು ಕರೆದೊಯ್ಯುತ್ತಾರೆಂದು ಸರ್ ವಿಚಾರಿಸಿದ್ದರು. ಬೇರೆಯವರ ಜೊತೆ ಕೂಡಿ ಹೋಗುವಂತಿರಲಿಲ್ಲ. ಗುರುತಿಲ್ಲದವರನ್ನು ಕಂಡರೆ ಅಣ್ಣಾರು ಚೀರುತ್ತಿದ್ದರು. ಅದಕ್ಕೆ ಇಡೀ ಬೋಟನ್ನು ಅರ್ಧ ದಿನಕ್ಕೆ ತಮಗಷ್ಟೇ ಗೊತ್ತು ಮಾಡಿದರು. ಎತ್ತಿ ಇಳಿಸಲು ಇನ್ನೊಬ್ಬರು ಬೇಕಲ್ಲ, ನಾನು ಬರುತ್ತೇನೆಂದೆ. ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿದ ಒಂದು ಕ್ರೂಸರ್ ಗಾಡಿಯಲ್ಲಿ ಹೊರಟೆವು. ಲೋಕಾಪುರ ದಾಟಿದ ಮೇಲೆ ಸರ್ ಕಿಟಕಿ ತೆರೆದು ಮೊಣಕೈ ಹೊರಗಿಟ್ಟರು. ಇಪ್ಪತ್ತು ವರ್ಷದಲ್ಲಿ ಅವರು ಆ ಕಡೆ ಹೋದದ್ದು ಅದೇ ಮೊದಲು.

ಬೋಟಿನವ ಅರವತ್ತರ ಆಸುಪಾಸಿನ ಗಟ್ಟಿ ಮನುಷ್ಯ. ನಮ್ಮನ್ನು ನೋಡಿ ಮೊದಲು ತಲೆ ಕೆರೆದುಕೊಂಡ. ಆಮೇಲೆ ತಾನೇ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಬೋಟಿನ ನಡುವೆ ಇಟ್ಟು, ನಾಲ್ಕೂ ಕಾಲನ್ನು ಹಗ್ಗದಿಂದ ಬಿಗಿದ. ಅಣ್ಣಾರನ್ನು ಎತ್ತಿ ಅದರಲ್ಲಿ ಕೂರಿಸಿ, ನಡುವಿಗೆ ಸರ್ ತಮ್ಮ ಪಂಚೆಯೊಂದನ್ನು ಸುತ್ತಿ ಕುರ್ಚಿಗೆ ಕಟ್ಟಿದರು. ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟ ಬೋಟಿನವ, "ಈಜು ಬರ್ತದ ನಿಮಗೆ?" ಎಂದು ಕೇಳಿದ.

"ನನಗ ಬರೂದಿಲ್ರಿ. ಅಣ್ಣಗ ಬರತಿತ್ತು" ಎಂದರು ಸರ್.

ದಂಡೆ ಬಿಟ್ಟು ಸ್ವಲ್ಪ ಹೊತ್ತಿನಲ್ಲೇ ಅಣ್ಣಾರ ಬೆನ್ನಿಗೆ ಕುರ್ಚಿ ಒತ್ತತೊಡಗಿತು. ಸರ್ ತಮ್ಮ ಜಾಕೆಟ್ ಬಿಚ್ಚಿ ಮಡಚಿ ಅಣ್ಣನ ಬೆನ್ನ ಹಿಂದೆ ಇಟ್ಟರು. ಬೋಟಿನವ ಬೇಡವೆಂದ. ಸರ್ ಇರಲಿ ಬಿಡು ಎಂಬಂತೆ ಕೈಯಾಡಿಸಿದರು.

ಅಳಿವೆಯ ಬಾಯಲ್ಲಿ, ಕಲ್ಲುಬಂಡೆಗಳಿಂದ ಸ್ವಲ್ಪ ದೂರ ಲಂಗರು ಬಿತ್ತು. ಕೊಕ್ಕೆಗೆ ಜೀವಂತ ಸಿಗಡಿ ಚುಚ್ಚಿ ಬೋಟಿನವ ಕೋಲನ್ನು ಅಣ್ಣಾರ ಎಡಗೈಗೆ ಕೊಟ್ಟ. ಆ ಕೈ ಕೋಲನ್ನು ಹಿಡಿದ ರೀತಿ ನೋಡಿ ಅವನೇ, "ಇವರಿಗೆ ಗೊತ್ತುಂಟು" ಎಂದ. ಅಣ್ಣಾರ ಕಣ್ಣು ನೀರಿನ ಮೇಲೆ ನೆಟ್ಟವು. ಆದರೂ ಎರಡೆರಡು ನಿಮಿಷಕ್ಕೆ, "ತಮ್ಮಾ." ಬಾಯಿ ಒರೆಸಬೇಕು. "ತಮ್ಮಾ." ಬಿಸಿಲು ಬಿತ್ತು. "ತಮ್ಮಾ." ಏನೂ ಇಲ್ಲ, ಸುಮ್ಮನೆ. ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದ ಸರ್ ಪ್ರತಿ ಸಲವೂ, "ಇಲ್ಲೇ ಅದೀನಿ" ಎನ್ನುತ್ತಿದ್ದರು. ಎದ್ದು ನಾಲ್ಕು ಹೆಜ್ಜೆ ಹಾಕೋಣವೆಂದರೆ ಬೋಟು ಮುಗಿಯುತ್ತಿತ್ತು. ಸುತ್ತ ನೀರು. ದಂಡೆಯ ತೆಂಗಿನ ಸಾಲು ಕೈಗೆ ಸಿಗದಷ್ಟು ದೂರ. ಅವರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ಸಮುದ್ರ ಭಾಳ ದೊಡ್ಡದಿರತೈತಿ ಅನ್ಕೊಂಡು ಬಂದಿದ್ನಿ ಸರ. ಇದು ನಮ್ಮ ಪಡಸಾಲಿಗಿಂತ ಸಣ್ಣದೈತಿ."

ನಗಬೇಕೆಂದುಕೊಂಡೆ. ಅವರ ಮುಖ ನೋಡಿ ಆಗಲಿಲ್ಲ. ಮೇಲಾಗಿ ನನಗೆ ಹೊಟ್ಟೆ ತೊಳಸುತ್ತಿತ್ತು. ಬೋಟಿನ ಹಿಂತುದಿಗೆ ಸರಿದು ಅಂಚಿಗೆ ತಲೆಯಿಟ್ಟು ಕೂತೆ.

ತಾಸೊಂದು ಕಳೆದಿರಬೇಕು. ಅಣ್ಣಾರು ನಡುವಿನ ಪಂಚೆಯನ್ನು ಎಳೆದಾಡುತ್ತ, "ಬ್ಯಾಡ, ಬ್ಯಾಡ" ಎಂದು ಕೂಗತೊಡಗಿದರು. ಬಿಗಿಯಾಗಿ ನೋಯುತ್ತಿತ್ತೋ, ಕಟ್ಟಿಸಿಕೊಂಡು ಗಾಳ ಹಿಡಿಯುವುದು ನಾಚಿಕೆಯೆನಿಸಿತೋ. ಸರ್ ಗಂಟು ಬಿಚ್ಚಿದರು. ಸ್ವಲ್ಪ ಹೊತ್ತಿಗೆ ಕೋಲು ಒಮ್ಮೆಲೇ ಬಿಲ್ಲಿನಂತೆ ಬಾಗಿತು. ಬೋಟಿನವ ಮುಂದಿನ ತುದಿಯಲ್ಲಿ ಲಂಗರಿನ ಹಗ್ಗ ಸರಿಮಾಡುತ್ತಿದ್ದವನು, "ಕೆಂಬೇರಿ ಮೀನು! ದೊಡ್ಡದು! ಬಿಡಿ, ದಾರ ಬಿಡಿ!" ಎಂದು ಕೂಗಿದ. ಒಂದೇ ಕೈಯಿದ್ದ ಮನುಷ್ಯ ದಾರ ಬಿಡುವುದು ಹೇಗೆ? ಅಣ್ಣಾರು ಕೋಲನ್ನು ಎದೆಗೆ ಒತ್ತಿ ಹಿಡಿದರು. ಮೀನು ಎಳೆಯಿತು, ಅವರು ಅದರ ಜೊತೆ ಮುಂದೆ ಬಾಗಿದರು. ಅದೇ ಹೊತ್ತಿಗೆ ಒಂದು ತೆರೆ ಬೋಟನ್ನು ಆ ಕಡೆಗೆ ಎತ್ತಿ ವಾಲಿಸಿತು. ಅಣ್ಣಾರು ಅಂಚಿನ ಮೇಲಿಂದ ಜಾರಿ ನೀರಿಗೆ ಬಿದ್ದರು.

ಸರ್ ಎದ್ದು ನಿಂತರು.

ನಾನು ಕತ್ತೆತ್ತಿ ನೋಡುತ್ತಿದ್ದೆ. ಅವರ ಮುಖ ನನ್ನ ಕಡೆಗಿತ್ತು. ಎರಡೂ ಕೈ ಇಳಿಬಿದ್ದಿದ್ದವು. ನೀರಿನಲ್ಲಿ ಕಿತ್ತಳೆ ಜಾಕೆಟ್ ಮುಳುಗಿ ಎದ್ದಿತು. ಇಳಿತದ ಸೆಳೆತಕ್ಕೆ ಬೋಟಿನಿಂದ ಒಂದು ಮಾರು ದೂರ ಸರಿಯಿತು, ಎರಡು ಮಾರು ದೂರ ಸರಿಯಿತು. ಸರ್ ಅದನ್ನು ನೋಡುತ್ತ ನಿಂತೇ ಇದ್ದರು. ಗಾಬರಿಯಾದ ಮುಖವಲ್ಲ ಅದು. ಕೊನೆಯ ಗಂಟೆ ಬಾರಿಸಿ, ಮಕ್ಕಳೆಲ್ಲ ಹೊರಗೋಡಿ, ತರಗತಿ ಖಾಲಿಯಾದಾಗ ಮಾಸ್ತರರ ಮುಖ ಇರುತ್ತದಲ್ಲ, ಹಾಗಿತ್ತು. ನನಗೆ ಕೂಗಬೇಕೆನಿಸಿತು, ಕೂಗಲಿಲ್ಲ. ಇದನ್ನೂ ನಾನು ಒಪ್ಪಿಕೊಳ್ಳಬೇಕು.

ಆಮೇಲೆ ಅವರು ಜಿಗಿದರು. ಜಾಕೆಟ್ ಇಲ್ಲದೆ, ಚಪ್ಪಲಿ ಹಾಕಿಕೊಂಡೇ.

ಜಿಗಿದವರು ಕಲ್ಲಿನಂತೆ ಮುಳುಗಿದರು. ಬೋಟಿನವ ಹಗ್ಗ ಬಿಸಾಕಿ ತಾನೂ ಹಾರಿದ. ನಾನು ಏನೂ ತಿಳಿಯದೆ ಒಂದು ಬಿದಿರು ಗಳ ನೀರಿಗೆ ಚಾಚಿಕೊಂಡು ಚೀರುತ್ತಿದ್ದೆ. ಸರ್ ತಲೆ ಒಮ್ಮೆ ಮೇಲೆ ಬಂತು, ಬಾಯಿ ತೆರೆದು ಮತ್ತೆ ಒಳಗೆ ಹೋಗುವಷ್ಟರಲ್ಲಿ ಎಡಗೈಯೊಂದು ಬಂದು ಅವರ ಅಂಗಿಯ ಕಾಲರ್ ಹಿಡಿಯಿತು. ಅಣ್ಣಾರ ಕೈ. ಕೋಲು ಬಿಟ್ಟು ತಮ್ಮನ ಕೊರಳಪಟ್ಟಿ ಹಿಡಿದಿದ್ದರು. ಜಾಕೆಟ್ಟಿನ ಮೇಲೆ ಮಲಗಿದಂತೆ ತೇಲುತ್ತ, ಆ ಒಂದೇ ಕೈಯಿಂದ ತಮ್ಮನ ಮೂಗು ನೀರ ಮೇಲಿರುವಂತೆ ಎತ್ತಿ ಹಿಡಿದು, ಗೊತ್ತಿದ್ದ ಬೈಗುಳವನ್ನೆಲ್ಲ ಬೈಯುತ್ತಿದ್ದರು. ಬೋಟಿನವ ಬಂದು ಇಬ್ಬರನ್ನೂ ಹಗ್ಗಕ್ಕೆ ಸಿಕ್ಕಿಸಿ ಎಳೆದು ತಂದ.

ದಂಡೆಯಲ್ಲಿ ಬೋಟಿನವನ ಹೆಂಡತಿ ಒಣಬಟ್ಟೆ ಕೊಟ್ಟಳು, ಬಿಸಿ ಗಂಜಿ ಕೊಟ್ಟಳು. ಸರ್ ಅಣ್ಣನ ತಲೆ ಒರೆಸಿದರು, ಗಂಜಿ ಕುಡಿಸಿದರು. ಮರುದಿನ ವಾಪಸು ಬರುವಾಗ ಅಣ್ಣಾರು ಹಿಂದೆ ನಿದ್ದೆಹೋಗಿದ್ದರು. ಲೋಕಾಪುರದ ಹತ್ತಿರ ಗಾಡಿಯವ ಚಹಾಕ್ಕೆಂದು ನಿಲ್ಲಿಸಿ ಇಳಿದು ಹೋದ. ಆಗ ಸರ್ ಕೇಳಿದರು:

"ಸರ, ನೀವು ನೋಡಿದ್ರ್ಯಾ?"

"ಏನನ್ನ?"

"ನಾ ನಿಂತಿದ್ದು."

ನಾನು ಕಿಟಕಿಯ ಹೊರಗೆ ನೋಡುತ್ತ, "ಇಲ್ರಿ. ನಾ ವಾಂತಿ ಮಾಡಾಕತ್ತಿದ್ನಿ" ಎಂದೆ.

ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. "ಹೌದಾ" ಎಂದರು. ನಾನು ಅವರಿಗೆ ಉಪಕಾರ ಮಾಡಿದೆನೆಂದೇ ಆ ದಿನ ತಿಳಿದಿದ್ದೆ.

ಅಲ್ಲಿಂದ ಮುಂದಿನ ನಾಲ್ಕು ವರ್ಷ ನಾನು ಕಂಡ ಸರ್ ಬೇರೆಯೇ. ಫೋನು ಮೊದಲ ರಿಂಗಿಗೇ ಎತ್ತುತ್ತಿದ್ದರು. ದನಿಯಲ್ಲಿ ಬೇಸರದ ಎಳೆಯೂ ಇರುತ್ತಿರಲಿಲ್ಲ. ನಮ್ಮ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಕುಡಿಯುತ್ತಿದ್ದ ಒಂದು ಕಪ್ ಚಹಾವನ್ನೂ ಬಿಟ್ಟರು. ಒಂದು ದಿನ ಅವರ ವಹಿಯಲ್ಲಿ ಒಂದು ಲೆಕ್ಕ ಕಂಡೆ. ನೀರಿನ ಸೆಳೆತ ಇಷ್ಟಿದ್ದರೆ, ಜಾಕೆಟ್ ಇಷ್ಟು ದೂರ ಹೋಗಲು ಎಷ್ಟು ಹೊತ್ತು ಬೇಕು ಎಂದು ಮಾಡಿದ ಲೆಕ್ಕ. ಉತ್ತರದ ಕೆಳಗೆ ಎರಡು ಗೆರೆ ಎಳೆದಿದ್ದರು. ನಾನು ನೋಡಿದ್ದು ಕಂಡು, "ನಾಕು ಸೆಕೆಂಡ್ ಆಗತೈತ್ರಿ ಸರ. ಕಡಿಮಿ ಅಂದ್ರೂ ನಾಕು" ಎಂದರು. ಜಿಗಿದದ್ದರ ಲೆಕ್ಕ ಆ ಪುಟದಲ್ಲಿ ಎಲ್ಲೂ ಇರಲಿಲ್ಲ. ಆಗಲಾದರೂ ನಾನು ಹೇಳಬಹುದಿತ್ತು, ನೋಡಿದ್ದೆ, ನಿಂತದ್ದನ್ನೂ ಜಿಗಿದದ್ದನ್ನೂ ಎರಡನ್ನೂ ನೋಡಿದ್ದೆ ಎಂದು. ಆದರೆ ಹೇಳಿದರೆ ಮೊದಲಿನ ಸುಳ್ಳು ಹೊರಬೀಳುತ್ತಿತ್ತು. ಒಂದು ಸುಳ್ಳಿನೊಳಗೆ ನಾನೂ ಸಿಕ್ಕಿಕೊಂಡಿದ್ದೆ. "ಅಣ್ಣಾರಿಗೆ ಹೇಳ್ರಿ ಒಮ್ಮೆ" ಎಂದೆ.

"ಏನಂತ ಹೇಳ್ಲಿ? ಅವನ ಎದುರಿಗೆ ನಿಂತು ಏನಂತ ಹೇಳ್ಲಿ?" ಎಂದು ವಹಿ ಮುಚ್ಚಿದರು.

ಕಳೆದ ತಿಂಗಳು ಮೂರನೆಯ ಪಿರಿಯಡ್ಡಿನಲ್ಲಿ ಬೋರ್ಡಿನ ಮುಂದೆಯೇ ಕುಸಿದರು. ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟಿದ್ದರು. ಹೃದಯಾಘಾತ. ಐವತ್ತೆರಡು ವರ್ಷ.

ಅಣ್ಣಾರನ್ನು ಮಹಾಲಿಂಗಪುರದ ತಂಗಿ ತನ್ನ ಮನೆಗೆ ಕರೆದೊಯ್ದಳು. ಶೋಕಸಭೆ ಮುಗಿದ ಮೂರನೇ ದಿನ ನಾನು ಅಲ್ಲಿಗೆ ಹೋದೆ. ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಈ ನಾಲ್ಕು ವರ್ಷದಲ್ಲಿ ಸರ್ ದಿನಾ ಸಂಜೆ ಕೂತು ಮಕ್ಕಳಿಗೆ ಕಲಿಸಿದಂತೆ ಕಲಿಸಿದ್ದಕ್ಕೆ ಇನ್ನಷ್ಟು ಮಾತು ಬಾಯಿಗೆ ತಿರುಗಿ ಬಂದಿದ್ದವು. ತಂಗಿ ಚಹಾ ಕೊಟ್ಟು ಒಳಗೆ ಹೋದಳು. ನಾನು ಹೇಳಲೇಬೇಕೆಂದು ಬಂದಿದ್ದೆ. ಯಾರಿಗಾದರೂ ಹೇಳದೆ ಇರಲು ನನಗೆ ಇನ್ನು ಆಗುತ್ತಿರಲಿಲ್ಲ.

"ಅಣ್ಣಾರ, ಆ ದಿನ ಬೋಟಿನ್ಯಾಗ..." ಎಂದೆ.

ಅವರು ಎಡಗೈ ಎತ್ತಿ ನನ್ನನ್ನು ತಡೆದರು. ತುಟಿ ಕೂಡಿಸಲು ಸ್ವಲ್ಪ ಹೊತ್ತು ಹಿಡಿಯಿತು.

"ನಿಂತಿದ್ದ" ಎಂದರು.

ನಾನು ಚಹಾದ ಬಟ್ಟಲನ್ನು ಕೆಳಗಿಟ್ಟೆ.

"ನಾ... ನೋಡ್ನಿ. ನೀರಾಗಿಂದ. ನಿಂತಿದ್ದ."

"ನಿಮಗ ಸಿಟ್ಟು ಬರಲಿಲ್ರೀ?"

ಅವರು ತಲೆ ಅಲ್ಲಾಡಿಸಿದರು. ನಾನು ತೀರ ದಡ್ಡನೆಂಬಂತೆ ನೋಡಿದರು. ಆಮೇಲೆ ಒಂದೊಂದೇ ಮಾತನ್ನು ಎತ್ತಿ ಇಡುವಂತೆ ಹೇಳಿದರು: "ಈಸ... ಬರೂದಿಲ್ಲ ಅವಗ. ನಾ... ಕಲಸಲಿಲ್ಲ." ಉಸಿರು ತೆಗೆದುಕೊಂಡರು. "ಜಿಗದ."

"ಹೌದ್ರಿ, ಜಿಗದ್ರು" ಎಂದೆ. "ನಾನೂ ನೋಡೇನ್ರಿ. ಎರಡೂ ನೋಡೇನಿ. ಅವರಿಗೆ ಹೇಳಲಿಲ್ಲ."

"ನಾನೂ" ಎಂದರು ಅಣ್ಣಾರು.

ಅವರ ಕಣ್ಣಿಂದ ನೀರು ಬಂತು. ಎಡಗೈ ಚಾಚಿ ನನ್ನ ಅಂಗಿಯ ಕಾಲರ್ ಹಿಡಿದು ಮೇಲಕ್ಕೆ ಎತ್ತಿದರು, ಹೀಗೆ ಹಿಡಿದಿದ್ದೆ ನೋಡು ಎಂಬಂತೆ. ಮಗ್ಗ ಎಳೆದ ಕೈ, ಬಿಗಿ ಇನ್ನೂ ಹೋಗಿರಲಿಲ್ಲ. ನಾನು ಅವರ ಮುಖದ ಹತ್ತಿರ ಬಗ್ಗಿ ನಿಂತೆ. ಅವರು ಬಿಡಲಿಲ್ಲ. ಬಟ್ಟಲು ಒಯ್ಯಲು ಬಂದ ತಂಗಿ ನಮ್ಮಿಬ್ಬರನ್ನು ನೋಡಿ ಬಾಗಿಲಲ್ಲೇ ನಿಂತಳು. ಆಮೇಲೆ ಹತ್ತಿರ ಬಂದು, ಅಣ್ಣನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.